ಏಳನೇ ಮೆಟ್ಟಿಲಿನ ಬೀಮು

ಆರು ತಿಂಗಳ ಹಿಂದೆ ನನ್ನ ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬಾವು ಬಂದಿತ್ತು. ಕೇಳಿದವರಿಗೆಲ್ಲ ಬಸ್ಸಿನ ಬಾಗಿಲು ಬಡಿಯಿತು ಎಂದು ಹೇಳಿದ್ದೆ. ಚಹಾದ ಅಂಗಡಿಯಲ್ಲಿ ಇಬ್ಬರು ನನ್ನ ಪರವಾಗಿ ಆ ಬಸ್ಸಿನ ಡ್ರೈವರನನ್ನು ಬೈದೂ ಇದ್ದರು.

ಇವತ್ತು ನಿಜ ಹೇಳುತ್ತೇನೆ. ಆ ಡ್ರೈವರ್ ಪಾಪದವನು. ನನ್ನ ಹಣೆಗೆ ಬಡಿದದ್ದು ತಾಂಬಾ ಊರಿನ ಒಂದು ಮನೆಯ ಕಾಂಕ್ರೀಟ್ ಬೀಮು. ಆ ಮನೆಯ ಡಿಸೈನ್ ಮಾಡಿದವನು ನಾನೇ.

ಹೊಸದಾಗಿ ಓದುವವರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ ಇಲ್ಲಿ ಬರೆಯುತ್ತೇನೆ, ಉಳಿದ ಆರು ದಿನ ಮನೆಗಳ ನಕ್ಷೆ ಮಾಡುತ್ತೇನೆ. ಡಿಪ್ಲೊಮಾ ಸಿವಿಲ್. ಮೇಲೆ ಸಾಹೇಬರಿಲ್ಲ, ಕೆಳಗೆ ಗುಮಾಸ್ತರಿಲ್ಲ. ಆಫೀಸು ಅಂದರೆ ಸಿಂದಗಿಯಲ್ಲಿ ಒಂದು ಖೋಲಿ, ಒಂದು ಡ್ರಾಯಿಂಗ್ ಬೋರ್ಡು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ಹದಿನೇಳು ವರ್ಷ ಟೇಪು ಹಿಡಿದು ತಿರುಗಿದ್ದೇನೆ. ಜನ ‘ಇಂಜಿನೇರ್ ಸಾಹೇಬ್ರ’ ಅನ್ನುತ್ತಾರೆ. ನಾನು ಇಂಜಿನಿಯರ್ ಅಲ್ಲ ಎಂದು ತಿದ್ದುವುದನ್ನು ಮೊದಲ ವರ್ಷವೇ ಬಿಟ್ಟೆ. (ಕೇಳಲು ಚೆನ್ನಾಗಿತ್ತು, ಅದಕ್ಕೆ.)

ಹೀಗೆ ಆರಾಮಾಗಿದ್ದವನಿಗೆ ನಲವತ್ತೈದನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯುವ ಹುಚ್ಚು ಯಾಕೆ ಹಿಡಿಯಿತು?

ಹುಚ್ಚೇನೂ ಅಲ್ಲ, ಹೆದರಿಕೆ. ಇಂಡಿಯ ಒಬ್ಬ ಗಿರಾಕಿ ನನ್ನ ನಕ್ಷೆಯನ್ನು ಟೇಬಲ್ ಮೇಲೆ ಹರಡಿಕೊಂಡ. ಒಮ್ಮೆ ಉದ್ದಕ್ಕೆ ತಿರುಗಿಸಿದ, ಒಮ್ಮೆ ಅಡ್ಡಕ್ಕೆ ತಿರುಗಿಸಿದ. ಕಡೆಗೆ ಕೇಳಿದ: "ಸಾಹೇಬ್ರ, ವಿಜಾಪುರದಾಗ ಕಂಪ್ಯೂಟರ್‌ನ್ಯಾಗ ಮನೀನ ತೋರಸ್ತಾರಂತಲ್ರಿ. ನೀವು ಇನ್ನಾ ಗೆರಿನ ತೋರಸಾಕತ್ತೀರಿ?"

ಮನುಷ್ಯ ತಪ್ಪೇನೂ ಹೇಳಲಿಲ್ಲ. ಆದರೂ ಅವತ್ತು ಊಟ ಸೇರಲಿಲ್ಲ.

ವಿಚಾರಿಸಿದಾಗ ಸೊಲ್ಲಾಪುರದಲ್ಲಿ ಭಾನುವಾರದ ಕ್ಲಾಸು ಇದೆ ಎಂದು ಗೊತ್ತಾಯಿತು. ಕಲಿಸುವ ವಿದ್ಯೆಯ ಹೆಸರು ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್. ಇಷ್ಟುದ್ದದ ಹೆಸರನ್ನು ಬಿ.ಐ.ಎಂ. ಎಂದು ಮೊಟಕು ಮಾಡಿದ್ದಾರೆ. ನಾನು ಮನೆಯಲ್ಲಿ ಅರ್ಧ ಗಂಟೆ ವಿವರಿಸಿದ ಮೇಲೆ ನನ್ನ ಹೆಂಡತಿ, "ಗೊಂಬಿ ಮನಿ ಕಟ್ಟೂದು ಅನ್ರಿ" ಎಂದಳು. ಈಗ ನಮ್ಮ ಮನೆಯಲ್ಲಿ ಅದೇ ಹೆಸರು ಚಾಲ್ತಿಯಲ್ಲಿದೆ.

ಬೆಳಗಿನ ಬಸ್ಸು ಹಿಡಿದು ಹೋದೆ. ಕ್ಲಾಸಿನಲ್ಲಿ ಒಂಬತ್ತು ಜನ. ಎಂಟು ಜನರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ನನ್ನದು ನೆರೆತಿತ್ತು. ಕಲಿಸುವ ಅಶ್ವಿನಿ ಮೇಡಂ ವಯಸ್ಸು ಹೆಚ್ಚೆಂದರೆ ಇಪ್ಪತ್ತಾರು. ನಾನು ಒಳಗೆ ಹೋದಾಗ ಯಾರನ್ನೋ ಸೇರಿಸಲು ಬಂದ ತಂದೆ ಇರಬೇಕೆಂದು ಕುರ್ಚಿ ಕೊಟ್ಟರು. ಹುಡುಗ ಎಲ್ಲಿ ಅಂತಲೂ ಕೇಳಿದರು. ನಾನೇ ಹುಡುಗ ಅಂದೆ.

ಏನಿದು ವಿದ್ಯೆ? ಸರಳವಾಗಿ ಹೇಳುತ್ತೇನೆ. ಕಾಗದದ ಮೇಲೆ ಎರಡು ಗೆರೆ ಎಳೆದರೆ ನಮಗೆ ಅದು ಗೋಡೆ. ಇಲ್ಲಿ ಹಾಗೆ ನಡೆಯುವುದಿಲ್ಲ. ಗೋಡೆ ಅಂದ ಕೂಡಲೇ ಕಂಪ್ಯೂಟರು ಕೇಳುತ್ತದೆ: ಎಷ್ಟು ದಪ್ಪ? ಎಷ್ಟು ಎತ್ತರ? ಕಲ್ಲೋ, ಇಟ್ಟಂಗಿಯೋ? ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು? ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಎಲ್ಲದಕ್ಕೂ ಉತ್ತರ ಕೊಟ್ಟರೆ ಮಾತ್ರ ಗೋಡೆ ಏಳುತ್ತದೆ. ಹೀಗೆ ಗೋಡೆ, ಬಾಗಿಲು, ಬೀಮು, ಪೈಪು ಎಲ್ಲ ಸೇರಿ ಒಂದು ಇಡೀ ಮನೆ ಪರದೆಯ ಮೇಲೆ ನಿಲ್ಲುತ್ತದೆ. ಒಂದು ಕಿಟಕಿ ಸರಿಸಿದರೆ ಆ ಮನೆಯ ಎಲ್ಲ ನಕ್ಷೆಗಳಲ್ಲೂ ಕಿಟಕಿ ತಾನಾಗಿಯೇ ಸರಿಯುತ್ತದೆ. ಬೇಕಾದರೆ ಮೌಸ್ ಹಿಡಿದು ಆ ಮನೆಯೊಳಗೆ ನಡೆದಾಡಬಹುದು.

ನನ್ನ ಮೊದಲ ಮನೆ ನೆಲದಿಂದ ನಾಲ್ಕು ಅಡಿ ಮೇಲೆ ಗಾಳಿಯಲ್ಲಿ ತೇಲುತ್ತಿತ್ತು. "ಸರ್, ನಿಮ್ಮ ಬಾಗ್ಲಾ ಮಾಳಿಗಿ ಮ್ಯಾಲ ಹೋಗೇತ್ರಿ" ಎಂದರು ಅಶ್ವಿನಿ ಮೇಡಂ. ಎಂಟು ಹುಡುಗರು ನಕ್ಕರು. ನಾನೂ ನಕ್ಕೆ, ಆದರೆ ನನ್ನದು ಒಂದು ಸೆಕೆಂಡ್ ತಡವಾಯಿತು.

ಒಂದು ಹಳೇ ಕಂಪ್ಯೂಟರು ಕೊಂಡು ಮನೆಯಲ್ಲೂ ಅಭ್ಯಾಸ ಮಾಡಿದೆ, ಎರಡು ತಿಂಗಳಲ್ಲಿ ಕೈ ಕುದುರಿತು. ಮೇಡಂ ಹೋಮ್‌ವರ್ಕ್ ಕೊಟ್ಟರು: ನೀವು ಈಗಾಗಲೇ ಕಾಗದದ ಮೇಲೆ ಡಿಸೈನ್ ಮಾಡಿದ ಒಂದು ಮನೆಯನ್ನು ಇದರಲ್ಲಿ ಕಟ್ಟಿ ತನ್ನಿ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು, ಅವರ ಹತ್ತಿರ ಮನೆ ಎಲ್ಲಿಂದ ಬರಬೇಕು? ನಾನು ಬೀಗಿದೆ. ನನ್ನ ಹತ್ತಿರ ಆಗ ಕೆಲಸ ನಡೆದಿದ್ದ ಮನೆಯೇ ಒಂದಿತ್ತು. ಯಂಕಂಚಿಯ ಮಹಾದೇವಿ ಅಕ್ಕೋರ ಮನೆ.

ಮಹಾದೇವಿಯವರು ಶಾಲೆಯ ಶಿಕ್ಷಕಿ. (ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು.) ಎತ್ತರ ಐದು ಅಡಿ ಹತ್ತು ಇಂಚು. ನಮ್ಮಲ್ಲಿ ಅಷ್ಟು ಎತ್ತರದ ಗಂಡಸರೇ ಕಡಿಮೆ. ಮನೆ ಕಟ್ಟಿಸುವವರು ನನ್ನ ಹತ್ತಿರ ಬರುವಾಗ ಪಟ್ಟಿ ತರುತ್ತಾರೆ: ವಾಸ್ತು, ಶೋಕೇಸು, ತಮ್ಮನ ಮನೆಗಿಂತ ಒಂದು ಅಡಿ ದೊಡ್ಡ ಹಾಲು. ಅಕ್ಕೋರು ಪಟ್ಟಿ ತಂದಿರಲಿಲ್ಲ.

"ನಂದು ಒಂದ ಮಾತು ಐತ್ರಿ," ಅಂದರು. "ನನ್ನ ಮನ್ಯಾಗ ನಾ ಎಲ್ಲೂ ಬಗ್ಗಬಾರದು."

"ಅಷ್ಟನ್ರಿ?" ಅಂದೆ.

"ಅಷ್ಟ ಅಂದ್ರ ಸಣ್ಣ ಮಾತಲ್ರಿ. ಸಾಲಿ ಬಾಗ್ಲಾ, ಬಸ್ಸು, ಬಾಡಿಗಿ ಮನಿ, ಎಲ್ಲಾ ಕಡೆ ಬಗ್ಗೀನಿ. ಸಣ್ಣಾಕಿ ಇದ್ದಾಗ ನಮ್ಮವ್ವ, ಉದ್ದ ಕಾಣಬ್ಯಾಡ, ಬಗ್ಗಿ ನಡಿ ಅಂತಿದ್ಲು. ನೋಡಾಕ ಬಂದಾವ್ರ ಮುಂದ ಬಗ್ಗಿಸೇ ಕುಂಡ್ರಸ್ತಿದ್ರು. ಆದ್ರೂ ಯಾರೂ ಒಪ್ಪಲಿಲ್ಲ, ಅದು ಬ್ಯಾರೆ ಮಾತು. ಈಗ ನಲವತ್ಮೂರು ನನಗ. ಇನ್ನರೆ ನೆಟ್ಟಗ ಅಡ್ಡ್ಯಾಡಬೇಕು."

ಇಷ್ಟನ್ನೂ ಅಳದೆ, ನಗದೆ, ಹಾಜರಿ ಕೂಗುವ ಹಾಗೆ ಹೇಳಿದರು. ನನ್ನ ಮನಸ್ಸಿಗೆ ನಾಟಿತು. ಎಲ್ಲ ಬಾಗಿಲುಗಳನ್ನೂ ಏಳೂವರೆ ಅಡಿ ಇಟ್ಟೆ. ಅಡಿಗೆ ಕಟ್ಟೆಯನ್ನು ಮಾಮೂಲಿಗಿಂತ ನಾಲ್ಕು ಇಂಚು ಏರಿಸಿದೆ. ಕನ್ನಡಿ, ಸಿಂಕು, ಷವರು, ಒಂದನ್ನೂ ಬಿಡಲಿಲ್ಲ. ಇಂಥ ಮನೆ ನಾಲ್ಕು ತಾಲೂಕಿನಲ್ಲಿ ಇಲ್ಲ ಎಂದು ಗೌಂಡಿ ಮಲ್ಲಪ್ಪನ ಮುಂದೆ ಕೊಚ್ಚಿಕೊಂಡೂ ಇದ್ದೆ. ಮಲ್ಲಪ್ಪ ನನ್ನ ಹೆಚ್ಚಿನ ಮನೆಗಳನ್ನು ಕಟ್ಟಿದವನು. ಅವನು ಹೂಂ ಅಂದಿದ್ದ, ಅಷ್ಟೇ.

ಈ ಮನೆಯನ್ನೇ ಕಂಪ್ಯೂಟರಿನಲ್ಲಿ ಕಟ್ಟಿದೆ. ಭಾನುವಾರ ಕ್ಲಾಸಿನಲ್ಲಿ ತೋರಿಸಿದೆ. ಎಂಟೂ ಹುಡುಗರು ನನ್ನ ಹಿಂದೆ ಬಂದು ನಿಂತರು. ಮೇಡಂ ಕೂಡ ಬಂದರು. ಮನೆಯೊಳಗೆ ನಡೆದಾಡುವ ಮನುಷ್ಯನ ಎತ್ತರ ಎಷ್ಟು ಎಂದು ಸಾಫ್ಟ್‌ವೇರ್ ಕೇಳಿತು. ಐದು ಅಡಿ ಹತ್ತು ಇಂಚು ಎಂದು ಒತ್ತಿದೆ.

ತಲಬಾಗಿಲು ದಾಟಿದೆವು. ಹಾಲು, ಅಡಿಗೆ ಮನೆ, ದೇವರ ಖೋಲಿ. ಎಲ್ಲ ಸರಿ. ಮೆಟ್ಟಿಲು ಹತ್ತತೊಡಗಿದೆವು. ಒಂದು, ಎರಡು, ಮೂರು... ಏಳನೇ ಮೆಟ್ಟಿಲಿಗೆ ಪರದೆ ಪೂರ್ತಿ ಬೂದಿ ಬಣ್ಣವಾಯಿತು.

"ಸಾಫ್ಟ್‌ವೇರ್ ಕೆಟ್ಟೈತ್ರಿ ಮೇಡಂ," ಅಂದೆ.

ಅವರು ಮೌಸ್ ತೆಗೆದುಕೊಂಡು ಮನೆಯನ್ನು ಪಕ್ಕದಿಂದ ಸೀಳಿ ತೋರಿಸಿದರು. "ಸಾಫ್ಟ್‌ವೇರ್ ಚೊಲೋ ಐತ್ರಿ ಸರ್. ನಿಮ್ಮ ತಲಿ ಬೀಮಿನೊಳಗ ಐತಿ."

ಅಳೆದರು. ಏಳನೇ ಮೆಟ್ಟಿಲಿನಿಂದ ಮೇಲಿನ ಬೀಮಿಗೆ ಐದು ಅಡಿ ಎರಡು ಇಂಚು. ಮಹಾದೇವಿ ಅಕ್ಕೋರು ತಮ್ಮ ಸ್ವಂತ ಮನೆಯಲ್ಲಿ, ಮಹಡಿಗೆ ಹೋಗುವಾಗಲೆಲ್ಲ, ಎಂಟು ಇಂಚು ಬಗ್ಗಬೇಕು. ಆ ಬೀಮಿನ ಕಬ್ಬಿಣ ಆಗಲೇ ಕಟ್ಟಿಯಾಗಿತ್ತು. ಶುಕ್ರವಾರ ಸ್ಲ್ಯಾಬು ಹಾಕುವುದಿತ್ತು. ಒಮ್ಮೆ ಕಾಂಕ್ರೀಟು ಬಿದ್ದರೆ ಮುಗಿಯಿತು.

ಮರಳಿ ಬರುವ ಬಸ್ಸಿನಲ್ಲಿ ನನಗೆ ನಾನೇ ವಾದ ಹೂಡಿದೆ. ಇದು ಹೇಗೆ ಸಾಧ್ಯ? ಇದೇ ಮೆಟ್ಟಿಲನ್ನು ಹದಿನೇಳು ವರ್ಷದಿಂದ ಮಾಡುತ್ತಿದ್ದೇನೆ, ಯಾರೂ ಒಂದು ಮಾತು ಹೇಳಿಲ್ಲ. ಹೌದು, ಇದೇ ಮೆಟ್ಟಿಲು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ನನ್ನ ಹತ್ತಿರ ಇರುವುದು ಒಂದೇ ಮೆಟ್ಟಿಲು. ನಾನು ಕೆಲಸ ಕಲಿಯುವಾಗ ನನ್ನ ಗುರುಗಳ ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ತೆಗೆದುಕೊಂಡದ್ದು. ಆಮೇಲೆ ಪ್ರತಿ ಮಹಡಿ ಮನೆಗೂ ಅದನ್ನೇ ಕೆಳಗಿಟ್ಟು ಟ್ರೇಸ್ ಮಾಡಿದೆ. ಹದಿನೆಂಟು ಗೆರೆ, ಒಂದು ಬಾಣ, ‘ಮೇಲಕ್ಕೆ’ ಎಂಬ ಅಕ್ಷರ. ಐದು ನಿಮಿಷದ ಕೆಲಸ.

ಬಸ್ಸು ಇಂಡಿ ದಾಟುವ ಹೊತ್ತಿಗೆ ಇನ್ನೊಂದು ಹೊಳೆಯಿತು. ಗುರುಗಳ ಕಾಲದಲ್ಲಿ ಮನೆಯ ಎತ್ತರ ಹನ್ನೆರಡೂವರೆ ಅಡಿ ಇರುತ್ತಿತ್ತು. ಈಗ ಹತ್ತೂವರೆ. ಮಾಳಿಗೆ ಎರಡು ಅಡಿ ಕೆಳಗೆ ಇಳಿದಿದೆ, ನನ್ನ ಮೆಟ್ಟಿಲು ಮಾತ್ರ ಹಾಗೆಯೇ ಇದೆ. ಕಾಗದದ ಮೇಲೆ ಇದು ಕಾಣುವುದೇ ಇಲ್ಲ. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಎತ್ತರ ಎಲ್ಲಿರುತ್ತದೆ?

ಆದರೂ ನಂಬಲು ಮನಸ್ಸು ಬರಲಿಲ್ಲ. ದಾರಿಯಲ್ಲೇ ತಾಂಬಾ. ಅಲ್ಲಿ ಎಂಟು ವರ್ಷದ ಹಿಂದೆ ನಾನು ಡಿಸೈನ್ ಮಾಡಿದ ಸಿದ್ದಪ್ಪನವರ ಮನೆ ಇದೆ, ಒಕ್ಕಲುತನದವರು. ಇಳಿದೇ ಬಿಟ್ಟೆ.

ಸಿದ್ದಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ ಬರ್ರಿ ಸಾಹೇಬ್ರ" ಎಂದು ಎದ್ದರು. ಪಾವಟಿಗಿ (ಮೆಟ್ಟಿಲಿಗೆ ನಮ್ಮ ಕಡೆ ಹೀಗನ್ನುವುದು) ಒಮ್ಮೆ ನೋಡಬೇಕಾಗಿತ್ತು ಅಂದೆ. ನೀರು ಕುಡಿಯುವ ಮೊದಲೇ ಹತ್ತತೊಡಗಿದೆ. ತಲೆ ತಗ್ಗಿಸಿ ಮೆಟ್ಟಿಲು ಎಣಿಸುತ್ತ ಹೋದೆ. ಐದು. ಆರು. ಏಳು ಅಂದವನೇ ಸರಿಯಾಗಿ ನೋಡೋಣ ಎಂದು ತಲೆ ಎತ್ತಿದೆ.

ಅಷ್ಟೇ ನೆನಪು. ಕಣ್ಣು ಬಿಟ್ಟಾಗ ನಾಲ್ಕನೇ ಮೆಟ್ಟಿಲ ಮೇಲೆ ಕೂತಿದ್ದೆ. ಸಿದ್ದಪ್ಪನವರ ಮನೆಯವರು ಅರಿಷಿಣ ಕಲಸಿಕೊಂಡು ಓಡಿ ಬಂದರು.

"ಬಂದಾವ್ರಿಗೆಲ್ಲಾ, ತಲಿ ಸಂಬಾಳಸ್ರಿ ಅಂತ ಹೇಳ್ತೇವ್ರಿ," ಸಿದ್ದಪ್ಪನವರು ನಿಜವಾಗಿಯೂ ನೊಂದುಕೊಂಡರು. "ನಿಮಗೇನ್ ಹೇಳೂದು, ಮಾಡಿದಾವ್ರ ನೀವು ಅಂತ ಸುಮ್ಮನಿದ್ದೆ."

ಆಗ ಮೇಲೆ ನೋಡಿದೆ. ಬೀಮಿನ ಅಂಚಿಗೆ ಹಳೇ ಕೌದಿಯ ತುಂಡೊಂದನ್ನು ಮಡಿಸಿ ಮೊಳೆ ಹೊಡೆದಿದ್ದರು. (ನನಗೆ ಬಡಿದದ್ದು ಕೌದಿ ಮುಗಿಯುವ ಜಾಗದಲ್ಲಿ. ನನ್ನ ನಸೀಬು.) ಅದರ ಮೇಲೆ, ಬೀಮಿನ ಮುಖಕ್ಕೆ, ಗಣಪತಿಯ ಫೋಟೋ. ಫೋಟೋಗೆ ಅವತ್ತಿನ ಚೆಂಡು ಹೂವು.

"ಇಲ್ಲಿ ಗಣಪತಿ ಯಾಕ್ರಿ?" ಅಂದೆ.

"ಹಿರ್ಯಾರು ತಲಬಾಗ್ಲಾ ಗಿಡ್ಡ ಇಡತಿದ್ರಲ್ರಿ, ಬಂದಾವ ಬಗ್ಗಿ ಬರ್ಲಿ ಅಂತ. ನೀವೂ ಹಂಗ ಏನರ ವಿಚಾರ ಮಾಡಿ ಇಟ್ಟೀರಿ ಅಂದ್ವಿ. ಹ್ಯಾಂಗೂ ಬಗ್ಗತೇವಿ, ದೇವ್ರಿಗೆ ಬಗ್ಗಿದ್ರ ಆತು ಅಂತ ಕುಂಡ್ರಿಸಿದಿವ್ರಿ. ಬೀಗರೆಲ್ಲಾ ಮೆಚ್ಯಾರ ನೋಡ್ರಿ."

ಎಂಟು ವರ್ಷ! ಎಂಟು ವರ್ಷ ಒಂದು ಕುಟುಂಬ ನನ್ನ ತಪ್ಪಿಗೆ ಹೂ ಏರಿಸಿದೆ. ನಮ್ಮ ಜನರಂಥ ಜನ ಎಲ್ಲಿ ಸಿಗುತ್ತಾರೆ ಹೇಳಿ? ಬೇರೆ ಕಡೆಯವರಾಗಿದ್ದರೆ ಮೊದಲ ಬಾವು ಬಂದ ದಿನವೇ ನನ್ನ ಆಫೀಸಿಗೆ ಬಂದು ಕೊರಳಪಟ್ಟಿ ಹಿಡಿಯುತ್ತಿದ್ದರು. ಹಿಡಿಯಬೇಕಾಗಿತ್ತು ಅಂತಲೇ ಈಗ ಅನ್ನಿಸುತ್ತದೆ.

ಸೋಮವಾರ ಇಡೀ ದಿನ ನಾನು ಏನು ಮಾಡಿದೆ ಎಂಬುದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯುತ್ತೇನೆ. ಏನೂ ಮಾಡಲಿಲ್ಲ. ಸುಮ್ಮನೆ ಕೂತು ಒಂದು ಉಪಾಯ ಹೂಡಿದೆ. ಯಾರಿಗೂ ಏನೂ ಹೇಳುವುದು ಬೇಡ. ಶುಕ್ರವಾರ ಸ್ಲ್ಯಾಬು ಬೀಳಲಿ. ವಾಸ್ತುಶಾಂತಿಯ ದಿನ ಅಕ್ಕೋರಿಗೆ ಒಂದು ಒಳ್ಳೆಯ ಗಣಪತಿ ಫೋಟೋ ಉಡುಗೊರೆ ಕೊಟ್ಟರಾಯಿತು, ದೊಡ್ಡ ಚೌಕಟ್ಟಿನದು. ಎಲ್ಲಿ ಹಾಕಬೇಕೆಂದು ಅವರಿಗೇ ಹೊಳೆಯುತ್ತದೆ. ಅಂಗಡಿಯವರೆಗೆ ಹೋಗಿ ಫೋಟೋ ನೋಡಿಯೂ ಬಂದೆ.

ಸಂಜೆ ಹೆಂಡತಿ ಚಹಾ ಕೊಡುವಾಗ ಅವಳಿಗೆ ಎಲ್ಲ ಹೇಳಿದೆ. ಅವಳು ನನ್ನ ಹಣೆಯನ್ನೇ ನೋಡುತ್ತಿದ್ದಳು. "ಅಲ್ರಿ, ಆ ಅಕ್ಕೋರು ನಿಮ್ಮನ್ನ ಒಂದ ಕೇಳಿದ್ರಲ್ಲಾ," ಅಂದಳು. ಚಹಾ ಕುಡಿದು ಮುಗಿಸುವುದು ಬಹಳ ಕಷ್ಟವಾಯಿತು.

ಮಂಗಳವಾರ ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿ, ಮಾನಿಟರು ಎರಡನ್ನೂ ಕೌದಿಯಲ್ಲಿ ಸುತ್ತಿ ಟಂಟಂ ಆಟೋಗೆ ಏರಿಸಿದೆ. ಹಳೇ ಕಾಲದ ಡಬ್ಬಿ ಮಾನಿಟರು ನಿಮಗೆ ಗೊತ್ತಲ್ಲ, ಕಡಿಮೆಯೆಂದರೂ ಅರ್ಧ ಚೀಲ ಜೋಳದ ತೂಕ. ಯಂಕಂಚಿಯವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ. ಪಕ್ಕದಲ್ಲಿ ಕೂತ ಅಜ್ಜಿ, "ಟೀವಿ ಕೆಟ್ಟೈತೇನ್ರಿ?" ಎಂದು ಕೇಳಿದರು. ಇಲ್ಲ, ನಾನೇ ಕೆಟ್ಟಿದ್ದೇನೆ ಎಂದು ಹೇಳಲು ಬರುವುದಿಲ್ಲವಲ್ಲ, ಹೂಂ ಅಂದೆ.

ಮೊದಲು ಕಟ್ಟಡದ ಹತ್ತಿರ ಹೋದೆ. ಮಲ್ಲಪ್ಪ ಸೆಂಟ್ರಿಂಗ್ ಹಲಗೆಗಳ ಸಂದು ಮುಚ್ಚುತ್ತಿದ್ದ. ಬೀಮಿನ ಕಡೆ ಕೈ ತೋರಿಸಿದೆ.

"ಮಲ್ಲಪ್ಪ, ಏಳನೇ ಪಾವಟಿಗಿ ಮ್ಯಾಲ ತಲಿ ಬಡಿತೈತಿ. ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಎಂದಿನಿಂದ?"

"ನಿಮ್ಮ ಎರಡನೇ ಮನಿಯಿಂದ್ರಿ."

"ಮತ್ತ ಯಾಕ ಹೇಳ್ಲಿಲ್ಲೋ?"

ಅವನು ಕರಣಿ ಕೆಳಗಿಟ್ಟ. "ನೀವ ಎಂದ ಕೇಳೀರಿ? ಎಲ್ಲಾ ಮನಿ ನಕಾಶಿಗೂ ಹಂಗ ಬರತಿತ್ತು. ಓದಿದಾವ್ರು, ಏನರ ಶಾಸ್ತ್ರ ಇರಬೇಕು ಅಂದ್ಕೊಂಡ್ನಿ."

ಸಿದ್ದಪ್ಪನವರು ನನಗೆ ಗೊತ್ತಿದೆ ಅಂದುಕೊಂಡರು. ಮಲ್ಲಪ್ಪನೂ ನನಗೆ ಗೊತ್ತಿದೆ ಅಂದುಕೊಂಡ. ನಾನು ನನ್ನ ಗುರುಗಳಿಗೆ ಗೊತ್ತಿತ್ತು ಅಂದುಕೊಂಡೆ. ಗುರುಗಳಿಗೆ ನಿಜವಾಗಿಯೂ ಗೊತ್ತಿತ್ತು, ಆದರೆ ಅವರ ಮನೆಗಳ ಎತ್ತರ ಬೇರೆ. ಹೀಗೆ ಒಬ್ಬರ ಮೇಲೊಬ್ಬರು ಭರವಸೆ ಇಟ್ಟು ನಾಲ್ಕು ತಾಲೂಕಿನ ತಲೆ ಒಡೆದಿದ್ದೇವೆ.

ಹತ್ತಿರದಲ್ಲೇ ಅಕ್ಕೋರ ಬಾಡಿಗೆ ಮನೆ. ಅವತ್ತು ಅವರಿಗೆ ಶಾಲೆ ಮಧ್ಯಾಹ್ನದ ಮೇಲಿತ್ತು. ಪಡಸಾಲೆಯಲ್ಲಿ ಕಂಪ್ಯೂಟರು ಜೋಡಿಸಿದೆ. ಹತ್ತು ಗಂಟೆಗೆ ಕರೆಂಟು ಬಂತು. ಮಲ್ಲಪ್ಪನನ್ನೂ ಕರೆದು ಕೂಡಿಸಿದೆ. ಪರದೆಯ ಮೇಲೆ ಮನೆ ಎದ್ದು ನಿಂತಾಗ ಅಕ್ಕೋರು ಎರಡೂ ಕೈ ಬಾಯಿಯ ಮೇಲಿಟ್ಟುಕೊಂಡರು. ಆಮೇಲೆ ಕಣ್ಣು ಕಿರಿದು ಮಾಡಿದರು.

"ನಮ್ಮ ಮನ್ಯಾಗ ಈ ಮನಶ್ಯಾ ಯಾರ್ರಿ?"

ಸಾಫ್ಟ್‌ವೇರಿನ ಜೊತೆಗೇ ಬರುವ ಗೊಂಬೆ ಅದು. ಸೂಟು ಹಾಕಿದ ಬಿಳಿಯ ಸಾಹೇಬ. "ಸದ್ಯಕ್ಕ ಅವರ ನೀವು ಅಂತ ತಿಳ್ಕೋರಿ" ಅಂದೆ. ಅಕ್ಕೋರ ಎತ್ತರ ಅವನಿಗೆ ಕೊಟ್ಟು ಮೆಟ್ಟಿಲು ಹತ್ತಿಸಿದೆ. ಏಳನೇ ಮೆಟ್ಟಿಲಿಗೆ ಸಾಹೇಬನ ತಲೆ ಬೀಮಿನೊಳಗೆ ಮಾಯವಾಯಿತು. ಕೊರಳಿನ ಕೆಳಗೆ ಸೂಟು ಮಾತ್ರ ಉಳಿಯಿತು.

ನಾನೇ ಹೇಳಿದೆ: "ತಪ್ಪು ನಂದ್ರಿ. ನೀವು ಒಂದ ಮಾತು ಕೇಳಿದ್ರಿ. ಅದನ್ನ ಮರತು ಪಾವಟಿಗಿ ಇಟ್ಟೀನಿ."

"ನಿಮಗ ಯಾವಾಗ ಗೊತ್ತಾತ್ರಿ?"

"ಐತಾರ, ಕ್ಲಾಸಿನ್ಯಾಗ."

"ಇವತ್ತ ಮಂಗಳವಾರ. ನಿನ್ನೆ ಏನ್ ಮಾಡಿದ್ರಿ?"

ಇಪ್ಪತ್ತು ವರ್ಷ ಹೋಮ್‌ವರ್ಕ್ ತಪ್ಪಿಸಿದವರನ್ನು ನೋಡಿದ ಕಣ್ಣು ಅದು. ಸುಳ್ಳು ಬಾಯಿಗೇ ಬರಲಿಲ್ಲ. ಗಣಪತಿ ಫೋಟೋದ ಕತೆ ಪೂರ್ತಿ ಹೇಳಿದೆ. ಸಿದ್ದಪ್ಪನವರ ಚೆಂಡು ಹೂವನ್ನೂ ಬಿಡದೆ ಹೇಳಿದೆ. ಮಲ್ಲಪ್ಪ ಗೋಡೆ ಕಡೆ ಮುಖ ಮಾಡಿ ನಗುತ್ತಿದ್ದ.

ಅಕ್ಕೋರು ನಗಲಿಲ್ಲ. "ನನಗ ಗಣಪತಿ ಮ್ಯಾಲ ಸಿಟ್ಟಿಲ್ರಿ," ಅಂದರು. "ಬೀಮಿನ ಮ್ಯಾಲ ಐತಿ. ಸರಸಾಕ ಬರ್ತೈತೇನು ಹೇಳ್ರಿ."

ಬರುತ್ತದೆ. ಅದನ್ನು ತೋರಿಸುವುದಕ್ಕೇ ಅಷ್ಟು ಭಾರ ಹೊತ್ತು ಬಂದದ್ದು. ಬೀಮನ್ನು ಹಿಡಿದು ಎರಡೂವರೆ ಅಡಿ ಮುಂಬಾಗಿಲಿನ ಕಡೆಗೆ ಎಳೆದೆ. ಅದು ಈಗ ನಾಲ್ಕನೇ ಮೆಟ್ಟಿಲಿನ ಮೇಲೆ ಬಂತು. ಮೆಟ್ಟಿಲಿಗೂ ಬೀಮಿಗೂ ನಡುವೆ ಆರು ಅಡಿ ಹನ್ನೊಂದು ಇಂಚು. ಸೂಟಿನ ಸಾಹೇಬ ತಲೆ ಎತ್ತಿಕೊಂಡೇ ಹತ್ತಿ ಹೋದ. ಆದರೆ ಬೀಮಿನ ಮೇಲಿನ ಗೋಡೆಯೂ ಜೊತೆಗೆ ಬಂತು. ಮಹಡಿಯಲ್ಲಿ ಅಕ್ಕೋರ ಓದುವ ಖೋಲಿ ಹನ್ನೆರಡು ಅಡಿ ಇದ್ದದ್ದು ಒಂಬತ್ತೂವರೆಗೆ ಇಳಿಯಿತು. ಕಾಗದದ ಮೇಲಾಗಿದ್ದರೆ ಇದನ್ನೂ ನಾನು ಸ್ಲ್ಯಾಬು ಬಿದ್ದ ಮೇಲೆಯೇ ನೋಡುತ್ತಿದ್ದೆ.

"ಖೋಲಿ ಸಣ್ಣದಾಗ್ತೈತ್ರಿ," ಅಂದೆ.

"ಅದರಾಗ ನನ್ನ ಮಂಚಾ, ಟೇಬಲ್, ಪುಸ್ತಕದ ಕಪಾಟು ಇಟ್ಟ ತೋರಸ್ರಿ."

ಇಟ್ಟೆ. ಮೂರೂ ಹಿಡಿಸಿದವು. ಕಪಾಟನ್ನು ಮಾತ್ರ ಕಿಟಕಿಯ ಪಕ್ಕಕ್ಕೆ ಹಾಕಬೇಕಾಯಿತು. ಅಕ್ಕೋರು ಮೌಸನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡು, ಎರಡು ಸಲ ಗೋಡೆಯೊಳಗೆ ನುಗ್ಗಿ, ಮೂರನೇ ಸಲ ಸರಿಯಾಗಿ ಮೆಟ್ಟಿಲು ಹತ್ತಿದರು. "ಕುಂತು ಓದಾಕ ಇಷ್ಟ ಸಾಕ್ರಿ. ಬೀಮು ಸರಸ್ರಿ," ಅಂದರು.

ಮಲ್ಲಪ್ಪ ಗೊಣಗಿದ. ಸೆಂಟ್ರಿಂಗ್ ಬಿಚ್ಚಬೇಕು, ಕಬ್ಬಿಣ ಮತ್ತೆ ಕಟ್ಟಬೇಕು, ನಾಲ್ಕು ದಿನ ಹೋಯಿತು ಅಂದ. ಗೊಣಗುತ್ತಲೇ ಪರದೆಯ ಹತ್ತಿರ ಬಗ್ಗಿದ. "ಹಿತ್ತಲ ಕಡಿಂದ ತಿರುಗಿಸ್ರಿ ನೋಡೋಣ." ತಿರುಗಿಸಿದೆ. "ಇನ್ನಷ್ಟು ಕೆಳಗ." ತೋರಿಸಿದೆ. ಅವನ ಬೆರಳು ಒಂದು ಕಡೆ ನಿಂತಿತು. "ಈ ಬಚ್ಚಲ ಪೈಪು ನೋಡ್ರಿ ಸಾಹೇಬ್ರ. ಹಿತ್ತಲ ಬಾಗಲ ಚೌಕಟ್ಟಿನ್ಯಾಗ ಹೊಂಟೈತಿ. ಇದಕ್ಕೂ ಏನರ ಶಾಸ್ತ್ರ ಐತೇನು?"

ಈಗ ಅಕ್ಕೋರು ನಕ್ಕರು. ನಾನೂ ನಕ್ಕೆ, ಈ ಸಲ ತಡವಾಗಲಿಲ್ಲ. ಹನ್ನೆರಡು ಗಂಟೆಗೆ ಕರೆಂಟು ಹೋಗುವ ಹೊತ್ತಿಗೆ ಮೂವರೂ ಸೇರಿ ಇನ್ನೂ ಎರಡು ತಪ್ಪು ಹಿಡಿದಿದ್ದೆವು. ಹದಿನೇಳು ವರ್ಷದಲ್ಲಿ ಮೊದಲ ಸಲ, ಮನೆ ಕಟ್ಟುವವನು, ಮನೆಯಲ್ಲಿ ಇರುವವರು, ನಕ್ಷೆ ಮಾಡುವವನು ಒಂದೇ ಮನೆಯನ್ನು ನೋಡುತ್ತಿದ್ದೆವು. ಅಲ್ಲಿಯವರೆಗೆ ನನ್ನ ಗೆರೆಗಳನ್ನು ನೋಡಿ ಅವರಿಬ್ಬರೂ ಸುಮ್ಮನೆ ತಲೆ ಆಡಿಸುತ್ತಿದ್ದರು ಎಂಬುದು ನನಗೆ ಅವತ್ತು ಅರ್ಥವಾಯಿತು. ಇಷ್ಟು ವರ್ಷ ಇದಕ್ಕೆ ನಾನು ಮರ್ಯಾದೆ ಎಂದು ತಿಳಿದಿದ್ದೆ!

ಆಮೇಲೆ ಹಳೆಯ ಮನೆಗಳ ಪಟ್ಟಿ ಮಾಡಿದೆ. ಮಹಡಿಯ ಮನೆಗಳು ಇಪ್ಪತ್ತಾರು. ಈವರೆಗೆ ಹನ್ನೊಂದಕ್ಕೆ ಹೋಗಿ ಬಂದಿದ್ದೇನೆ. ಮುದ್ದೇಬಿಹಾಳದ ಒಂದು ಮನೆಯಲ್ಲಿ ಬೀಮಿನ ಮೇಲೆ ಆಯಿಲ್ ಪೇಂಟಿನಲ್ಲಿ ‘ತಲೆ ಜೋಪಾನ’ ಎಂದು ಬರೆಸಿದ್ದಾರೆ, ಅಕ್ಷರ ದುಂಡಗಿದೆ. ಮಸೂತಿ ಎಂಬ ಊರಿನ ಒಂದು ಮನೆಯವರು ನನ್ನ ಮೆಟ್ಟಿಲಿನ ಸಹವಾಸವೇ ಬೇಡವೆಂದು ಹೊರಗಡೆ ಕಬ್ಬಿಣದ್ದು ಹಾಕಿಸಿದ್ದಾರೆ. ಬಾಗೇವಾಡಿಯ ಮನೆಯಲ್ಲಿ ಮಾತ್ರ ನಗು ಬರಲಿಲ್ಲ. ಅಲ್ಲಿಯ ಹಿರಿಯರು ಎರಡು ಸಲ ತಲೆ ಬಡಿಸಿಕೊಂಡ ಮೇಲೆ ಮಹಡಿ ಹತ್ತುವುದನ್ನೇ ಬಿಟ್ಟಿದ್ದಾರಂತೆ. ತಮ್ಮ ಮನೆಯ ಮಾಳಿಗೆಯನ್ನು ಆರು ವರ್ಷದಿಂದ ನೋಡಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ. ಅವರ ಮನೆಯನ್ನೂ ಕಂಪ್ಯೂಟರಿನಲ್ಲಿ ಕಟ್ಟಿದ್ದೇನೆ. ಮೆಟ್ಟಿಲನ್ನು ನಡುವೆ ಮುರಿದು ಒಂದು ತಿರುವು ಕೊಟ್ಟರೆ ಸರಿಹೋಗುತ್ತದೆ. ಬೇಸಿಗೆ ರಜೆಯಲ್ಲಿ ಮಲ್ಲಪ್ಪ ಬರುತ್ತೇನೆ ಅಂದಿದ್ದಾನೆ. ತಾಂಬಾದ ಸಿದ್ದಪ್ಪನವರು ಮಾತ್ರ ಒಪ್ಪುತ್ತಿಲ್ಲ. "ಗಣಪತಿನ ಈಗ ಎಲ್ಲಿ ಒಯ್ಯೂದ್ರಿ?" ಅನ್ನುತ್ತಾರೆ. ಇದಕ್ಕೆ ಉತ್ತರ ಸಾಫ್ಟ್‌ವೇರಿನಲ್ಲಿಲ್ಲ.

ಭಾನುವಾರದ ಕ್ಲಾಸು ಬಿಟ್ಟಿಲ್ಲ. ಈಗ ಎಂಟು ಹುಡುಗರು ನನ್ನನ್ನು ಕೇಳುತ್ತಾರೆ: ಸರ್, ನಿಮ್ಮ ಊರಲ್ಲಿ ಗೋಡೆ ಎಷ್ಟು ದಪ್ಪ, ಗೌಂಡಿ ಏನಂದ? ನನ್ನ ಹತ್ತಿರ ಮನೆಗಳಿವೆ, ಅವರ ಹತ್ತಿರ ವೇಗವಿದೆ. ನಲವತ್ತೈದು ತಡವೇ ಎಂದು ಯಾರಾದರೂ ಕೇಳಿದರೆ ಹೇಳಿ, ಮೀಸೆ ನೆರೆತರೆ ಮೌಸಿಗೆ ಗೊತ್ತಾಗುವುದಿಲ್ಲ.

ಕಳೆದ ವಾರ ಅಕ್ಕೋರ ವಾಸ್ತುಶಾಂತಿ ಇತ್ತು. ಊಟಕ್ಕೆ ಮೊದಲು ಮಹಡಿ ತೋರಿಸುತ್ತೇನೆ ಎಂದು ಅವರು ಮುಂದೆ ಹೊರಟರು. ಹಿಂದೆ ನಾನು, ಮಲ್ಲಪ್ಪ, ಶಾಲೆಯ ನಾಲ್ಕು ಜನ ಟೀಚರುಗಳು. ಒಂದು, ಎರಡು, ಮೂರು. ನಾಲ್ಕನೇ ಮೆಟ್ಟಿಲಿಗೆ, ಬೀಮು ತಲೆಯ ಮೇಲೆ ಬಂದಾಗ, ಅಕ್ಕೋರು ಬಗ್ಗಿದರು.

ಮೇಲೆ ಒಂದು ಅಡಿಗಿಂತ ಹೆಚ್ಚು ಜಾಗ ಖಾಲಿ ಇತ್ತು. ಬೀಮು ಸರಿಸಿದ್ದೆವು, ನಲವತ್ತು ವರ್ಷದ ಅಭ್ಯಾಸವನ್ನು ಸರಿಸುವವರು ಯಾರು?

ಅಕ್ಕೋರು ಅಲ್ಲೇ ನಿಂತರು. ಕೈ ಎತ್ತಿ ಬೀಮನ್ನು ಮುಟ್ಟಿ ನೋಡಿದರು. ಆಮೇಲೆ, "ಎಲ್ಲಾರೂ ಒಂದೀಟು ಕೆಳಗ ಇಳೀರಿ," ಅಂದರು. ಸಾಲಾಗಿ ಇಳಿದೆವು. ಅವರೂ ಕೊನೆಯ ಮೆಟ್ಟಿಲವರೆಗೆ ಇಳಿದು ಬಂದು, ಸೆರಗು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಹತ್ತಿದರು. ಈ ಸಲ ಎಲ್ಲೂ ಬಗ್ಗಲಿಲ್ಲ. ಮೇಲೆ ನಿಂತು ನಮ್ಮನ್ನು ನೋಡಿ, "ಈಗ ಬರ್ರಿ," ಅಂದರು. ನನ್ನ ಕಣ್ಣು ತುಂಬಿ ಬಂದಿತ್ತು. ಮಲ್ಲಪ್ಪನಿಗೆ ಧೂಳು ಎಂದು ಹೇಳಿದೆ.

ಅಂದಹಾಗೆ, ನಿಮ್ಮ ಮನೆಯಲ್ಲಿ ನೀವು ಎಲ್ಲೆಲ್ಲಿ ಬಗ್ಗುತ್ತೀರಿ, ಅಲ್ಲಿ ಬೀಮು ಇದೆಯೋ ಇಲ್ಲವೋ ಒಮ್ಮೆ ಕೈ ಎತ್ತಿ ನೋಡಿದ್ದೀರಾ?